ಮುಂದಿನ ಸೋಮವಾರದ ಕಂಡೆನ್ಸರ್

ಅಂಗಡಿಯ ಮೆಟ್ಟಿಲು ಹತ್ತುವವರನ್ನು ಸದಾಶಿವಪ್ಪ ಮೊದಲು ಪಾದದಿಂದ ಅಳೆಯುತ್ತಾನೆ. ಮುಖ ಆಮೇಲಿನ ಮಾತು. ಶಿಕಾರಿಪುರದ ಪೇಟೆಯಲ್ಲಿ ಸ್ಟಾರ್ಟರು, ಫ್ಯೂಸು, ವೈರು ಮಾರುತ್ತ ಇಪ್ಪತ್ತೆಂಟು ವರ್ಷ ಕಳೆದವನಿಗೆ ಈ ಅಳತೆ ತಪ್ಪಿದ್ದು ಕಡಿಮೆ. ಹೊಸಬಾಳೆಯ ಉಚ್ಚಂಗಪ್ಪ ಮೊದಲ ಸಲ ಬಂದಾಗ ಕಂಡದ್ದಿಷ್ಟು: ಕಿತ್ತ ಬಾರನ್ನು ತಾಮ್ರದ ತಂತಿಯಿಂದ ಬಿಗಿದ ಹವಾಯಿ ಚಪ್ಪಲಿ, ಜೇಬಿನಲ್ಲಿ ಪೆನ್ನಿನ ಜಾಗಕ್ಕೆ ಟೆಸ್ಟರು, ಅರವತ್ತು ದಾಟಿದ ತಲೆ. ಒಂದು ಗಜ ವೈರು ಕೊಂಡು ಒಂದು ಗಂಟೆ ಪ್ರಶ್ನೆ ಕೇಳುವ ನಮೂನೆಯ ಗಿರಾಕಿ.

ಇಪ್ಪತ್ತು ಸಾವಿರ ವೋಲ್ಟು ತಡೆಯುವ ಕಂಡೆನ್ಸರ್ ಬೇಕೆಂದ. ಸದಾಶಿವಪ್ಪನ ಅಂಗಡಿಯಲ್ಲಿದ್ದ ಮೋಟರ್ ಕಂಡೆನ್ಸರಿಗೆ ನಾನೂರ ನಲವತ್ತಕ್ಕೇ ಏದುಸಿರು.

ಸೊರಬದಲ್ಲಿ ಮೂವತ್ತು ವರ್ಷ ಮೋಟರ್ ರಿವೈಂಡಿಂಗ್ ಮಾಡಿ ಅಂಗಡಿ ಮುಚ್ಚಿದವನು ಉಚ್ಚಂಗಪ್ಪ. ಈಗ ಕೊಟ್ಟಿಗೆಯಲ್ಲಿ ಪೈಪಿನ ಮೇಲೆ ಎರಡು ಸಾವಿರ ಸುತ್ತು ತಂತಿ ಸುತ್ತಿ ನಿಲ್ಲಿಸಿದ್ದ. ಕಂಡೆನ್ಸರ್ ಜೋಡಿಸಿದರೆ ಅದರ ತುದಿಯಿಂದ ಮೊಳದುದ್ದದ ಮಿಂಚು ಹಾರಬೇಕು, ಅಷ್ಟೇ. ಪಂಪು ತಿರುಗುವುದಿಲ್ಲ, ದೀಪ ಹತ್ತುವುದಿಲ್ಲ. ಮತ್ತೇನು ಲಾಭ ಎಂದು ಸದಾಶಿವಪ್ಪ ಕೇಳಿದಾಗ, ನೋಡುವುದಕ್ಕೆ ಎಂದ. ಕಣ್ಣಿನ ನರ ಒಣಗುತ್ತಿದೆಯಂತೆ. ಹೆಚ್ಚೆಂದರೆ ಎರಡು ವರ್ಷ ಎಂದು ಶಿವಮೊಗ್ಗದ ಡಾಕ್ಟರು ಹೇಳಿದ್ದರಂತೆ. ಅಷ್ಟರೊಳಗೆ ಕೈಯಾರೆ ಮಾಡಿದ ಮಿಂಚನ್ನು ಕಣ್ಣಾರೆ ಕಾಣಬೇಕು.

ಅರ್ಜೆಂಟಿಲ್ಲದ ಗಿರಾಕಿಯನ್ನು ಸದಾಶಿವಪ್ಪ ಕಂಡೇ ಇರಲಿಲ್ಲ. ಬಿತ್ತನೆಯ ಅರ್ಜೆಂಟು, ಮದುವೆಯ ಅರ್ಜೆಂಟು, ಇದು ಕಣ್ಣಿನ ಅರ್ಜೆಂಟು ಎಂದುಕೊಂಡ. ಆದರೂ ಆ ವಾರವೇ ಬೆಂಗಳೂರಿಗೆ ಫೋನು ಮಾಡಿದ. ಯಾವ ಕಂಪನಿಗೆ ಬೇಕು, ಐನೂರು ಪೀಸಿಗೆ ಕಡಿಮೆ ಕೊಡುವುದಿಲ್ಲ ಎಂದರು. ಅಲ್ಲಿಗೆ ಮುಗಿಯಿತು.

ಮುಗಿಯಿತೆಂದು ಹೇಳುವುದು ಹೇಗೆ? ಗಲ್ಲಾಪೆಟ್ಟಿಗೆಯ ಹಿಂದೆ ಕೂತು 'ಇಲ್ಲ' ಎನ್ನಬಾರದು, ಅಪ್ಪನ ಕಾಲದ ಕಟ್ಟು. ಅಕ್ಕಿ ತೀರಿದರೆ ಮನೆಯಲ್ಲಿ 'ಹೆಚ್ಚಿದೆ' ಎನ್ನುತ್ತಾರೆ, ಅಂಗಡಿಯಲ್ಲಿ 'ಬರ್ತತಿ'. ಎರಡು ಸಲ 'ಬರ್ತತಿ' ಕೇಳಿದ ಊರಿನವರು ಸುಮ್ಮನೆ ಪಕ್ಕದ ಅಂಗಡಿಗೆ ಹೋಗುತ್ತಾರೆ. 'ಮುಂದಿನ ಸೋಮವಾರ ಬರ್ತತಿ' ಎಂದದ್ದನ್ನು ಉಚ್ಚಂಗಪ್ಪ ಮಾತ್ರ ನಂಬಿದ. ಸೋಮವಾರ ಕೊಡುತ್ತೇನೆಂದ ಮೋಟರನ್ನು ಮೂವತ್ತು ವರ್ಷ ಸೋಮವಾರವೇ ಕೊಟ್ಟವನು ಅವನು.

ಹಾಗೆ ಎರಡು ವರ್ಷ ಸೋಮವಾರಗಳು. ಒಮ್ಮೆ ಲಾರಿ ಮುಷ್ಕರದ ನೆಪ, ಒಮ್ಮೆ ಹಬ್ಬದ ರಜೆಯದು. ನಡುವೆ ಉಚ್ಚಂಗಪ್ಪ ಯಾರದೋ ಮೊಬೈಲಿನಿಂದ ತರಿಸಿದ್ದು ಒಂದು ಬಂತು. ಉಗುರಿನಿಂದ ಮೇಲಿನ ಚೀಟಿ ಕೆರೆದರೆ ಅಡಿಯಲ್ಲಿ ಅದೇ ನಾನೂರ ನಲವತ್ತು. ಮೊದಮೊದಲು ಬಾಗಿಲಲ್ಲೇ ನಿಂತು ಡಬ್ಬಿಗಳ ಹೆಸರು ಓದುತ್ತಿದ್ದವನು ಬರಬರುತ್ತ ಮೇಜಿನ ಅಂಚು ಸವರಿಕೊಂಡು ಬರತೊಡಗಿದ. ಸದಾಶಿವಪ್ಪ ಅದನ್ನೂ ಅಳೆದ. ಆ ದಿನವೂ 'ಬರ್ತತಿ' ಎಂದೇ ಹೇಳಿದ.

ಈ ಆಷಾಢದಲ್ಲಿ ಹೆಂಡತಿ ಹುಲಿಗೆಮ್ಮ ಮೊಣಕೈ ಹಿಡಿದು ಕರೆತಂದಳು.

"ಸಾವ್ಕಾರ್ರೆ, ಆ ಕಂಡೆನ್ಸರ್ ಇನ್ನು ತರಿಸ್ಬೇಡಿ. ಬಂದ್ರೆ ಅದರ ದುಡ್ಡು ನಿಮ್ಗೆ ಸುಮ್ನೆ ಮೈಮೇಲೆ ಬೀಳ್ತದೆ" ಎಂದ ಉಚ್ಚಂಗಪ್ಪ.

"ಕಣ್ಣು?" ಎಂದ ಸದಾಶಿವಪ್ಪ.

ಹುಲಿಗೆಮ್ಮ ಉತ್ತರ ಕೊಟ್ಟಳು. "ಹಗಲೋ ರಾತ್ರಿನೋ ಅಷ್ಟು ತಿಳೀತದೆ. ನನ್ನ ಮುಖ ಕಾಣದಿದ್ದಕ್ಕೆ ಚಿಂತಿಲ್ಲ ಇವ್ರಿಗೆ. ಮಿಂಚು ಕಾಣ್ಲಿಲ್ಲ ಅಂತ ಕೊರಗು."

ಉಚ್ಚಂಗಪ್ಪ ನಕ್ಕ. "ಬರೋದಿಲ್ಲ ಅಂತ ಗೊತ್ತಿದ್ರೆ ಹಳೇ ಡಬ್ಬಾ ಟಿವಿದು ಎಲ್‌ಓಟಿ ಟ್ರಾನ್ಸ್‌ಫಾರ್ಮರ್ ಕಿತ್ತು ಬೆರಳುದ್ದದ ಕಿಡಿನಾದ್ರೂ ಹಾರಿಸಿ ನೋಡ್ತಿದ್ದೆ. ಉದ್ದದ್ದೇ ಬರ್ತದಲ್ಲ ಅಂತ ಅದನ್ನ ಮುಟ್ಲೇ ಇಲ್ಲ."

ದೂರು ಇರಲಿಲ್ಲ ಆ ಮಾತಿನಲ್ಲಿ. ಸದಾಶಿವಪ್ಪನ ಬಾಯಿ ತನ್ನಷ್ಟಕ್ಕೆ ಆಡಿತು. "ಈ ವಾರ ಬರೋದಿತ್ತು, ಯಜಮಾನ್ರೆ."

ಉಚ್ಚಂಗಪ್ಪ ಅದನ್ನೂ ನಂಬಿ ತಲೆಯಾಡಿಸಿದ. ಪಾದದಿಂದ ಮೆಟ್ಟಿಲು ತಡಕಿ ಇಳಿದು ಹೋದ.

ಈಗ ಹೇಳಿದರೆ ಯಾರಿಗೂ ಏನೂ ಉಪಯೋಗವಿಲ್ಲ. ಆದರೂ ಮೊದಲ ವಾರವೇ ತಿಳಿದಿದ್ದ ನಿಜವನ್ನು ಸದಾಶಿವಪ್ಪ ಉಚ್ಚಂಗಪ್ಪನಿಗೆ ಹೇಳಬೇಕು. ಇನ್ನೂ ಹೇಳಿಲ್ಲ.