ಬಿಪಿ ಗುಳಿಗಿ ಅಂದುಬಿಟ್ಟೆ

ಎಚ್‌ಐವಿ ಬರದಂತೆ ತಡೆಯುವ ಗುಳಿಗೆಯನ್ನು ನಾನು ದಿನಾ ನುಂಗುತ್ತೇನೆ. ಮೊದಲೆಲ್ಲ ಗಂಗಾವತಿಯ ಗೆಳೆಯನ ಜೊತೆ ಮಲಗೆದ್ದು ಬಂದರೆ ವಾರಗಟ್ಟಲೆ ಅಂಜಿ ಸಾಯುತ್ತಿದ್ದೆ. ಈಗ ಅವನು ಅಪ್ಪಿಕೊಂಡರೆ ಮೈ ಬಿಗಿಯುವುದಿಲ್ಲ. ಸಂಸಾರಸ್ಥನಾದ ಅವನೂ ಅದೇ ಗುಳಿಗೆ ತಗೊಳ್ಳುತ್ತಾನೆ.

ಆದರೆ ಯಲಬುರ್ಗಾದ ನಮ್ಮ ಮನೆಯಲ್ಲಿ ಅವ್ವ ಡಬ್ಬಿ ಹಿಡಿದು ಕೇಳಿದಾಗ "ಬಿಪಿ ಗುಳಿಗಿ" ಅಂದುಬಿಟ್ಟೆ. ಅವತ್ತಿನಿಂದ ಅವ್ವ ಅಡುಗೆಗೆ ಉಪ್ಪು ಹಾಕುವುದನ್ನೇ ಬಿಟ್ಟಳು. ನನ್ನ ಜೊತೆ ತಾನೂ ಸಪ್ಪನೆ ಸಾರು ಉಣ್ಣುತ್ತಾಳೆ. ಎಂಥಾ ಹಾಳು ಬಾಯಿ ನನ್ನದು! ಒಂದೊಂದು ತುತ್ತಿಗೂ ನಾಚಿಕೆಯಿಂದ ಕುಗ್ಗುತ್ತೇನೆ.

ಕಳೆದ ರವಿವಾರ ಗೆಳೆಯ ಮನೆಗೆ ಬಂದಿದ್ದ. ಅವ್ವ ಅವನ ತಾಟಿಗೆ ರೊಟ್ಟಿ, ಹೆಸರುಕಾಳಿನ ಪಲ್ಯ ನೀಡಿ, ಉಪ್ಪಿನ ಬಟ್ಟಲನ್ನು ಮುಂದಿಟ್ಟಳು.

"ಬ್ಯಾಡ್ರಿ, ನನಗೂ ಬಿಪಿ ಐತ್ರಿ," ಅಂದ. ನನ್ನ ಸುಳ್ಳು ಅವನಿಗೆ ಗೊತ್ತಿತ್ತು. ನನ್ನ ಕಡೆ ನೋಡಿ ಮೀಸೆಯಲ್ಲೇ ನಕ್ಕ. ನಾನೂ ನಕ್ಕೆ, ನಾಚಿಕೆಗೆಟ್ಟವನು.

ಅವ್ವ ನಗಲಿಲ್ಲ. ಬಟ್ಟಲನ್ನು ಹಿಂದಕ್ಕೆಳೆದುಕೊಂಡು, ಅವನ ಮಾರಿಯನ್ನೇ ನೋಡುತ್ತ ಮರುಗಿದಳು.

"ನಿನ್ನ ಹೆಂಡ್ತಿಗೆ ಹೇಳೀಯಿಲ್ಲೋ ತಮ್ಮಾ? ನೀ ಹೇಳಲಿಲ್ಲಂದ್ರ ಪಾಪ, ಆಕಿಗೆ ಹೆಂಗ ಗೊತ್ತಾಗಬೇಕು?"