ಕೆರೆಗೆ ಬೆನ್ನು ಮಾಡಿ ನಡೆದ ದಾರಿ

ಬೆಳಗ್ಗೆ ಐದೂವರೆಗೆ ಎದ್ದೆ. ಹಡಗಿನ ಇಕ್ಕಟ್ಟಾದ ಬಚ್ಚಲಲ್ಲಿ ಅತ್ತೆಯವರಿಗೆ ಸ್ನಾನ ಮಾಡಿಸಿ, ತಲೆ ಬಾಚಿ ತುರುಬು ಕಟ್ಟಿದೆ. ಸಕ್ಕರೆ ಕಾಯಿಲೆಯ ಮಾತ್ರೆ ಕೊಟ್ಟೆ. ನಮ್ಮವರ ಎರಡು ಶರ್ಟು ಒಗೆದು ಕುರ್ಚಿಯ ಬೆನ್ನಿಗೆ ಹರವಿದೆ. ಮನೆಯಿಂದ ತಂದ ಚಟ್ನಿಪುಡಿ ಸಮುದ್ರದ ಗಾಳಿಗೆ ಮೆತ್ತಗಾಗಿತ್ತು, ಅದನ್ನು ಪೇಪರಿನ ಮೇಲೆ ಹರಡಿಟ್ಟೆ. ಒಂಬತ್ತು ಗಂಟೆಗೆ ಹಡಗು ಕೊಚ್ಚಿಯಲ್ಲಿ ನಿಂತಿತು. ಇದನ್ನೆಲ್ಲ ಮೊದಲೇ ಯಾಕೆ ಹೇಳುತ್ತಿದ್ದೇನೆಂದರೆ, ಅವತ್ತು ನನ್ನ ತಲೆ ನೆಟ್ಟಗಿತ್ತು ಅನ್ನುವುದು ನಿಮಗೆ ಗೊತ್ತಿರಲಿ ಅಂತ.

ಇಂಥದ್ದನ್ನೆಲ್ಲ ನಂಬುವವಳಲ್ಲ ನಾನು. ಹಲಸೂರಿನಲ್ಲಿದ್ದಾಗ ಪಕ್ಕದ ಮನೆಯಾಕೆಗೆ ಮೈಮೇಲೆ ದೇವರು ಬಂತೆಂದು ಬೀದಿಯೆಲ್ಲ ಸೇರಿದರೆ, "ಮೊದಲು ಒಂದು ಲೋಟ ನಿಂಬೆ ಪಾನಕ ಕೊಡ್ರೀ, ಬೆಳಗ್ಗಿಂದ ಏನೂ ತಿಂದಿಲ್ಲ ಆಕೆ" ಅಂದವಳು.

ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ನಮ್ಮವರ ಕಾರ್ಖಾನೆಯ ಕೆಲವರು ಸೇರಿ ಹಡಗಿನ ಪ್ರವಾಸ ಗೊತ್ತು ಮಾಡಿದ್ದರು. ಮುಂಬೈಯಲ್ಲಿ ಹತ್ತಿ, ಕೊಚ್ಚಿಯಲ್ಲಿ ಒಂದು ಹಗಲು ಊರು ನೋಡಿ, ಮುಂದೆ ಲಕ್ಷದ್ವೀಪ. ಅತ್ತೆಯವರನ್ನು ನಾದಿನಿಯ ಮನೆಯಲ್ಲಿ ಬಿಟ್ಟು ಹೋಗೋಣ ಅಂತ ನಮ್ಮವರು. "ಸಮುದ್ರ ಹೇಗಿರುತ್ತೆ ಅಂತ ಅವರೂ ಒಂದ್ಸಲ ನೋಡ್ಲಿ ರೀ" ಅಂತ ಹಟ ಹಿಡಿದವಳು ನಾನು.

ಅತ್ತೆಯವರಿಗೆ ಮರೆವು. ಹಲಸೂರಿನ ಹಳೇ ಮನೆ ಮಾರಿ ಕಗ್ಗದಾಸಪುರಕ್ಕೆ ಬಂದಮೇಲೆ ಶುರುವಾದದ್ದು. ಒಂದೊಂದು ದಿನ ನಾನು ಅವರಿಗೆ ನರ್ಸಮ್ಮ, ಒಂದೊಂದು ದಿನ ಕೆಲಸದವಳು. ಒಮ್ಮೆ ಯಾರಿಗೂ ಹೇಳದೆ ಮನೆಯಿಂದ ಹೊರಟೇಬಿಟ್ಟಿದ್ದರು. ಕಗ್ಗದಾಸಪುರದ ಕೆರೆಯನ್ನೇ ಹಲಸೂರು ಕೆರೆ ಅಂದುಕೊಂಡು, ಅದಕ್ಕೆ ಬೆನ್ನು ಮಾಡಿ ನೆಟ್ಟಗೆ ನಡೆದು, ಸಿಕ್ಕ ಮೊದಲ ಮೂಲೆಯಲ್ಲಿ ಎಡಕ್ಕೆ ತಿರುಗಿ, ಬಲಗಡೆ ಮೂರನೇ ಸಂದಿಗೆ ಹೋಗಿದ್ದರು. ಹಲಸೂರಿನಲ್ಲಿ ನಮ್ಮ ಮನೆಗೆ ಹೋಗುತ್ತಿದ್ದದ್ದು ಹಾಗೇ. ಇಲ್ಲಿ ಆ ದಾರಿ ಮುಟ್ಟಿಸಿದ್ದು ಒಂದು ಸಿಮೆಂಟು ಗೋಡೌನಿಗೆ. ನಾವು ಹುಡುಕಿಕೊಂಡು ಹೋದಾಗ ಮೂಟೆಯ ಮೇಲೆ ಕೂತು ಗೋಡೌನಿನವನನ್ನು ಬೈಯುತ್ತಿದ್ದರು: "ಸಂಸಾರಸ್ಥರ ಮನೇಲಿ ಏನಯ್ಯ ಇದು ಧೂಳು?"

ಕೊಚ್ಚಿಯಲ್ಲಿ ಇಳಿಸುವಾಗ ಹಡಗಿನವರು ಮೂರು ಸಲ ಹೇಳಿದ್ದರು, ಐದಕ್ಕೆ ಸರಿಯಾಗಿ ಹೊರಡುತ್ತೇವೆ, ಯಾರಿಗೂ ಕಾಯುವುದಿಲ್ಲ ಅಂತ. ಹಳೇ ಚರ್ಚು ನೋಡಿದೆವು, ಅರಮನೆ ನೋಡಿದೆವು. ಮಧ್ಯಾಹ್ನ ದಡದ ಚೀನೀ ಮೀನುಬಲೆಗಳ ಹತ್ತಿರ ಎಳನೀರು ಕುಡಿಯುವಾಗ ಅತ್ತೆಯವರು ನೀರು ನೋಡಿ, "ಕೆರೆ ತುಂಬ್ಬಿಟ್ಟಿದೆ ಈ ವರ್ಷ" ಅಂದರು. ನಾವಿಬ್ಬರೂ ನಕ್ಕೆವು. ಕಾಳುಮೆಣಸು ಮಾರುವವಳ ಮುಂದೆ ಬಗ್ಗುವಾಗ ನಾನು ಅವರ ಕೈ ಬಿಟ್ಟೆ. ಎರಡು ನಿಮಿಷವೂ ಆಗಿರಲಾರದು. ತಿರುಗಿದರೆ ಅವರಿಲ್ಲ. ಗಂಟೆ ಮೂರೂಕಾಲು.

"ನೀನೇ ತಾನೆ ಕರ್ಕೊಂಡು ಬಂದಿದ್ದು?" ಅಂದರು ನಮ್ಮವರು. ಅಷ್ಟೇ ಅಂದದ್ದು. ನಾಲ್ಕಕ್ಕೆ ಇಲ್ಲೇ ಸಿಗು ಅಂತ ಹೇಳಿ ಪೊಲೀಸರನ್ನು ಹುಡುಕಿಕೊಂಡು ಓಡಿದರು.

ಹಡಗು ಹೋದರೆ ಹೋಗಲಿ. ಎಪ್ಪತ್ತಾರರ ಜೀವ, ಸುತ್ತ ಬಾರದ ಭಾಷೆ, ಮಾತ್ರೆಯೆಲ್ಲ ಹಡಗಿನಲ್ಲಿ. ಅವರು ಸಿಗದಿದ್ದರೆ ನಾನು ಯಾವ ಮುಖ ಇಟ್ಟುಕೊಂಡು ಆ ಮನೆಯಲ್ಲಿ ಒಲೆ ಹಚ್ಚಲಿ? ಅಳುವುದಕ್ಕೂ ಆಗದೆ ನಿಂತಿದ್ದಾಗ ಸಿಮೆಂಟು ಗೋಡೌನು ನೆನಪಾಯಿತು. ಸಮುದ್ರಕ್ಕೆ ಬೆನ್ನು ಮಾಡಿದೆ. ನೆಟ್ಟಗೆ ನಡೆದೆ.

ಹಲಸೂರಿನಲ್ಲಿ ನಾವು ಎಡಕ್ಕೆ ತಿರುಗುವ ಮೂಲೆಯಲ್ಲಿ ಹಿಟ್ಟಿನ ಗಿರಣಿ ಇತ್ತು. ಇಲ್ಲಿ ಮೂಲೆ ಬರುವ ಮೊದಲೇ ಬಿಸಿ ಹಿಟ್ಟಿನ ವಾಸನೆ ಮೂಗಿಗೆ ಬಂತು. ಗಿರಣಿಯೇ! ಬಾಗಿಲಲ್ಲಿ ಡಬ್ಬಗಳ ಸಾಲು. ಗಿರಣಿ ಯಾವ ಊರಲ್ಲಿಲ್ಲ ಅಂದುಕೊಂಡು ಎಡಕ್ಕೆ ತಿರುಗಿದೆ. ಬಲಗಡೆ ಒಂದು, ಎರಡು, ಮೂರು. ಮೂರನೇ ಸಂದು ಒಳಗೆ ಹೋದಂತೆ ಎಡಕ್ಕೆ ಬಾಗಿತ್ತು, ನಮ್ಮ ಸಂದಿನ ಹಾಗೆಯೇ. ಆಚೆಗೆ ಒಂದು ಹಂಚಿನ ಮನೆ, ಬಾಗಿಲ ಎರಡು ಪಕ್ಕ ಕಲ್ಲಿನ ಜಗಲಿ. ಮೆಟ್ಟಿಲ ಕೆಳಗೆ ಅತ್ತೆಯವರ ಚಪ್ಪಲಿ, ಜೋಡಿಸಿ ಬಿಟ್ಟಿದ್ದರು. ನನ್ನ ಚಪ್ಪಲಿಯನ್ನೂ ಪಕ್ಕದಲ್ಲೇ ಬಿಟ್ಟು ಒಳಗೆ ಹೋದೆ.

ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಕೂತಿದ್ದರು. "ಬಾ ಅಮ್ಮಣ್ಣಿ, ಎಷ್ಟ್ ಹೊತ್ತೇ? ಗಿರಣೀಲಿ ರಶ್ಶಿತ್ತಾ?" ಅಂದರು.

ಅಮ್ಮಣ್ಣಿ ಅನ್ನುವುದು ನಾನು ಸೊಸೆಯಾಗಿ ಬಂದಾಗ ಅವರು ಇಟ್ಟ ಹೆಸರು. ಅದನ್ನು ಅವರ ಬಾಯಲ್ಲಿ ಕೇಳಿ ಐದು ವರ್ಷವಾಗಿತ್ತು.

ಮನೆಯಾಕೆ ನನ್ನ ವಯಸ್ಸಿನವರು. ಅವರದು ಮಲಯಾಳ, ನನ್ನದು ಹಲಸೂರು ಮಾರ್ಕೆಟ್ಟಿನಲ್ಲಿ ಕಲಿತ ತಮಿಳು. ಎರಡನ್ನೂ ಕಲಸಿ, ಕೈಸನ್ನೆ ಸೇರಿಸಿ, ನನಗೆ ತಿಳಿದದ್ದು ಇಷ್ಟು. ಅಜ್ಜಿ ನೇರ ಒಳಗೆ ಬಂದರಂತೆ. ಹಿತ್ತಿಲಿಗೆ ಹೋಗಿ ಕಾಲು ತೊಳೆದರಂತೆ. ಹಿತ್ತಿಲ ಬಾಗಿಲು ಎಲ್ಲಿದೆ ಅಂತ ಕೇಳಲೇ ಇಲ್ಲ. ಆಮೇಲೆ ಅಡುಗೆಮನೆಯ ದೊಡ್ಡ ಮರದ ಬೀರುವನ್ನು ಬಡಿದು, ತೆಗಿ ತೆಗಿ ಅಂತ ಒಂದೇ ಸಮ ಕೈಸನ್ನೆ ಮಾಡಿದರಂತೆ. ಮನೆಯ ಜೊತೆಗೇ ಬಂದ ಬೀರು ಅದು, ಯಾರೂ ಅಲುಗಿಸಿದ್ದಿಲ್ಲ. ಅಜ್ಜಿಯ ಸಮಾಧಾನಕ್ಕೆ ಪಕ್ಕದ ಮನೆಯವರನ್ನು ಕರೆದು ಸರಿಸಿದರೆ, ಹಿಂದಿನ ಗೋಡೆಯಲ್ಲಿ ದೀಪದ ಗೂಡು.

ನಾನೇ ನೋಡಿದೆ. ಒಲೆಯ ಬಲಗಡೆ, ಎದೆಯೆತ್ತರಕ್ಕೆ, ಮೇಲೆ ಕಮಾನು. ಒಳಗೆ ಹಳೇ ಹೊಗೆಯ ಮಸಿ. ಹಲಸೂರಿನ ಮನೆಯಲ್ಲಿ ಅತ್ತೆಯವರು ನಲವತ್ತು ವರ್ಷ ದೀಪ ಇಟ್ಟದ್ದೂ ಒಲೆಯ ಬಲಗಡೆ, ಎದೆಯೆತ್ತರದಲ್ಲೇ.

"ಇಪ್ಪತ್ತು ವರ್ಷದಿಂದ ಇದ್ದೀನಿ, ನನಗೇ ಗೊತ್ತಿರಲಿಲ್ಲ. ಇವರು ಯಾವಾಗ ಇದ್ದರು ಈ ಮನೆಯಲ್ಲಿ?" ಅಂತ ಆಕೆ ಕೇಳಿದರು.

ಇವರು ಬೆಂಗಳೂರು ದಾಟಿದ್ದೇ ಇದು ಮೊದಲು ಅಂದೆ. ಆಕೆ ನನ್ನನ್ನೇ ನೋಡಿದರು. ಆಮೇಲೆ ಗೂಡಿನ ಧೂಳು ಒರೆಸಿ, ಒಂದು ದೀಪ ಹಚ್ಚಿ ಇಟ್ಟರು. ಹೊರಗೆ ಇನ್ನೂ ಬಿಸಿಲು. ಮೂವರೂ ಕೈ ಮುಗಿದು ನಿಂತೆವು. ಹೆದರಿಕೆ ಆಗಲಿಲ್ಲ. ದೊಡ್ಡವರ ಮುಂದೆ ನಿಂತಾಗ ತಾನಾಗಿ ಸೆರಗು ಸರಿಮಾಡಿಕೊಳ್ಳುತ್ತೇವಲ್ಲ, ಹಾಗೆ ಮಾಡಿಕೊಂಡೆ, ಅಷ್ಟೇ.

ಬಲೆಗಳ ಹತ್ತಿರ ಕಾಯುತ್ತಿದ್ದ ನಮ್ಮವರನ್ನು ಕೂಡಿಕೊಂಡು, ಐದಕ್ಕೆ ಹತ್ತು ನಿಮಿಷ ಇರುವಾಗ ಹಡಗು ಹತ್ತಿದೆವು. ನಮ್ಮವರು ಎಲ್ಲ ಕೇಳಿ, "ಹಳೇ ಮನೆ ಅಂದ್ಮೇಲೆ ಗೂಡು ಇರೋದೇ. ಗಿರಣಿ ಎಲ್ಲಾ ಕಡೆ ಇರತ್ತೆ. ಸಂದು ಅಂದ್ರೆ ಬಾಗೋದೇ" ಅಂದರು. ಒಂದೊಂದೂ ಸರಿಯೇ. ಒಟ್ಟಿಗೆ ಇಟ್ಟರೆ ಮಾತ್ರ ನನಗೆ ಇವತ್ತಿಗೂ ಲೆಕ್ಕ ಕೂಡುವುದಿಲ್ಲ. ಮುಚ್ಚಿಹೋದ ಗೂಡು ಯಾವ ಬೀರುವಿನ ಹಿಂದಿದೆ ಅಂತ ಯಾರು ಹೇಳಿದರು ಅತ್ತೆಯವರಿಗೆ? ಮಾರನೇ ದಿನ ಕೇಳಿದೆ. "ಯಾವ ಮನೆ, ನರ್ಸಮ್ಮ?" ಅಂದರು.

ಹಡಗು ಹತ್ತಿದ ಆ ಸಂಜೆ ಊಟದ ಕೋಣೆಗೆ ಹೋಗುವ ತ್ರಾಣ ಇರಲಿಲ್ಲ. ಮೊಸರನ್ನ, ಉಪ್ಪಿನಕಾಯಿ ರೂಮಿಗೇ ತರಿಸಿಕೊಂಡೆವು. ಅತ್ತೆಯವರು ಎರಡು ಸಲ ಹಾಕಿಸಿಕೊಂಡರು. ಕೈ ತೊಳೆಸುವಾಗ, "ನೀನು ಉಂಡ್ಯಾ?" ಅಂದರು. ಹೂಂ ಅಂದೆ. ಅವರು ಮೊದಲು ಮಲಗಿದರು, ಬೆನ್ನಿಗೇ ನಮ್ಮವರು. ನಾನು ಅತ್ತೆಯವರ ತಟ್ಟೆಯಲ್ಲೇ ಉಳಿದಿದ್ದನ್ನು ಬಡಿಸಿಕೊಂಡು, ಅವರ ಕಾಲ ಬುಡದಲ್ಲಿ ಕೂತು ಉಂಡೆ.