ನುಚ್ಚು ಕುಡಿದು ಹೋದ ಪರೀಕ್ಷೆ

ಮಲದಲ್ಲಿ ರಕ್ತ ಕಂಡು ವಿಜಯಪುರದ ಡಾಕ್ಟರರ ಬಳಿ ಹೋದಾಗ, ಕರುಳಿನೊಳಗೆ ಕ್ಯಾಮೆರಾದ ಕೊಳವೆ ಇಳಿಸಿ ನೋಡುವ ಕೊಲೊನೋಸ್ಕೋಪಿಗೆ ಬರಹೇಳಿ ಒಂದು ಚೀಟಿ ಕೊಟ್ಟರು. ಹಿಂದಿನ ದಿನ ಊಟ ಬೇಡ, ತಿಳಿಯಾದದ್ದನ್ನು ಮಾತ್ರ ಕುಡಿಯಿರಿ ಎಂದು ಅದರಲ್ಲಿತ್ತು. ತಿಕೋಟಾ ಶಾಲೆಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಪ್ರಶ್ನೆಯನ್ನು ಎರಡು ಸಲ ಓದಿ ಎಂದು ಗದರಿಸಿದವಳು ನಾನು. ಇದನ್ನು ಒಂದೇ ಸಲ ಓದಿ ಮಡಚಿಟ್ಟೆ. ಜೋಳದ ನುಚ್ಚನ್ನು ಮಜ್ಜಿಗೆಯಲ್ಲಿ ತೆಳ್ಳಗೆ ಕಲಸಿ ಎರಡು ತಂಬಿಗೆ ಕುಡಿದೆ. ನಮ್ಮ ಕಡೆ ರೊಟ್ಟಿ ಮುರಿಯದಿದ್ದರೆ ಅದನ್ನು ಊಟ ಎನ್ನುವುದಿಲ್ಲ.

ಮರುದಿನ ಕರುಳಿನಲ್ಲಿ ಚಪ್ಪಟೆಯಾದ ಗಂಟೊಂದು ಸಿಕ್ಕಿತು. ಪಾಲಿಪ್ ಎನ್ನುತ್ತಾರೆ. ಅದರ ಅಂಚಿನ ಮೇಲೆಲ್ಲ ನುಚ್ಚು ಕೂತಿತ್ತು, ತೊಳೆದಷ್ಟೂ ಬರುತ್ತಿತ್ತಂತೆ. ಕಂಡಷ್ಟನ್ನು ಕತ್ತರಿಸಿದ್ದ ಡಾಕ್ಟರು, ನನ್ನ ಮಂಪರು ಇಳಿದ ಮೇಲೆ ಬಂದು, "ಪೂರ್ತಿ ಬಂದಿಲ್ರಿ ಅಕ್ಕೋರ. ಉಳಿದದ್ದು ಮುಂದ ಕ್ಯಾನ್ಸರ್ ಆಗಬಹುದು. ಮೂರು ತಿಂಗಳ ಬಿಟ್ಟು ಇನ್ನೊಮ್ಮೆ ಬರಬೇಕಾಕ್ಕೇತಿ" ಎಂದರು.

ಜೊತೆಗೆ ನಿಡೋಣಿಯಿಂದ ತಂಗಿ ಬಂದಿದ್ದಳು. ನನ್ನವರು ಅಂತ ನನಗಿರುವುದು ಅವಳೊಬ್ಬಳೇ.

"ಇಷ್ಟು ಓದೀದಿ, ಇದು ತಿಳೀಲಿಲ್ಲೇನ ಬೇ ನಿನಗ?" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ನನಗೆ ಕಂಡದ್ದು ಬೆಂಚಿನ ಮೇಲೆ ಕೂತು ನಮ್ಮನ್ನೇ ನೋಡುತ್ತಿದ್ದ ಜನ.

"ನಿನ್ನ ಯಾರ ಕರದಿದ್ರು? ಹೋಗ ನಿಮ್ಮ ಮನಿಗೆ" ಎಂದುಬಿಟ್ಟೆ.

ನನ್ನನ್ನು ತಿಕೋಟಾದ ಮನೆಯ ತನಕ ಬಿಟ್ಟು, ಒಳಗೆ ಕಾಲಿಡದೆ ಹೋದಳು. ಆಮೇಲೆ ಫೋನು ಮಾಡಲಿಲ್ಲ. ನಾನೂ ಮಾಡಲಿಲ್ಲ. ನನ್ನ ಬಿಗುಮಾನ ಹಾಳಾಗಿ ಹೋಗಲಿ.

ಉಳಿದ ಆ ಚೂರನ್ನು ಹೊಟ್ಟೆಯಲ್ಲಿಟ್ಟುಕೊಂಡು ಮೂರು ತಿಂಗಳು ಕಳೆದೆ. ಹೊಟ್ಟೆ ಸ್ವಲ್ಪ ನೊಂದರೂ ಅದೇ ಇರಬೇಕು ಎಂದುಕೊಳ್ಳುತ್ತಿದ್ದೆ. ಭಯವಾಗುತ್ತಿತ್ತು, ತಂಗಿ ಬೇಕೆನಿಸುತ್ತಿತ್ತು. ಸೋತು ಮಾತಾಡುವುದು ಮಾತ್ರ ಬರಲಿಲ್ಲ.

ಎರಡನೇ ಸಲ ಎಳನೀರು, ಸೋಸಿದ ಬೇಳೆಕಟ್ಟು ಅಷ್ಟೇ ಕುಡಿದು ಹೋದೆ. ಮಂಪರಿನ ಔಷಧ ಕೊಡಬೇಕಾದರೆ ಮನೆಗೆ ಕರೆದೊಯ್ಯುವವರು ಇರಲೇಬೇಕು ಎಂದಳು ನರ್ಸ್.

"ಹಂಗಾದ್ರ ಬ್ಯಾಡ್ರಿ, ಎಚ್ಚರ ಇರತೇನಿ" ಎಂದೆ.

ಕೊಳವೆಯಿಂದ ಹೊಟ್ಟೆಗೆ ಗಾಳಿ ತುಂಬಿದಾಗ ಮಂಚದ ಕಂಬಿ ಬಿಗಿಯಾಗಿ ಹಿಡಿದೆ. ಪರದೆಯ ಮೇಲೆ ನನ್ನದೇ ಕರುಳು, ತೊಳೆದಿಟ್ಟ ತಾಟಿನಷ್ಟು ಸ್ವಚ್ಛ. ಡಾಕ್ಟರು ಗಂಟಿನ ಅಡಿಗೆ ನೀಲಿ ನೀರು ಚುಚ್ಚಿ ಉಬ್ಬಿಸಿದರು, ತಂತಿಯ ಕುಣಿಕೆ ಹಾಕಿ ಕತ್ತರಿಸಿದರು, ಸುತ್ತಲಿನ ಅಂಚನ್ನು ಸುಟ್ಟರು. ಮತ್ತೆ ಮತ್ತೆ ತೊಳೆದು ನೋಡಿದರು.

"ಒಂದು ಚೂರೂ ಉಳಿದಿಲ್ರಿ ಅಕ್ಕೋರ, ಪೂರ್ತಿ ತಗದೇವಿ. ಹೊರಗ ಯಾರದಾರ್ರಿ? ಅವ್ರಿಗೂ ಹೇಳಿ ಬರತೇನಿ."

"ಯಾರೂ ಇಲ್ರಿ" ಎಂದೆ. "ನನಗ ಇನ್ನೊಮ್ಮೆ ಹೇಳ್ರಿ."

ಅವರು ಕೈಗವಸು ತೆಗೆದು, ಹತ್ತಿರ ಬಂದು, ಇನ್ನೊಮ್ಮೆ ಹೇಳಿದರು.